ಜೋರಾಪುರ ಪೇಟೆಯ ಸಮುದ್ರ

ವಿಜಯಪುರದಲ್ಲಿ ಏನೇನಿದೆ ಎಂದು ಯಾರನ್ನಾದರೂ ಕೇಳಿ ನೋಡಿ. ಗುಮ್ಮಟ ಇದೆ ಎನ್ನುತ್ತಾರೆ, ಬಿಸಿಲು ಇದೆ ಎನ್ನುತ್ತಾರೆ, ತಿಂದುಂಡು ತಿಳಿದವರಾದರೆ ಒಣದ್ರಾಕ್ಷಿ ಇದೆ ಎನ್ನುತ್ತಾರೆ. ಸಮುದ್ರ ಇದೆ ಎಂದು ಮಾತ್ರ ಒಬ್ಬರೂ ಹೇಳುವುದಿಲ್ಲ. ಪಾಪ, ಅವರ ತಪ್ಪಲ್ಲ. ಅದು ಜೋರಾಪುರ ಪೇಟೆಯ ಒಂದು ಹಳೆಯ ಮನೆಯ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಉಪ್ಪಿನಕಾಯಿ ಹಾಕುವ ಚೀನಿ ಭರಣಿಯೊಳಗೆ ಇದೆ. ಅದನ್ನು ಸಾಕಿದವಳು ನಮ್ಮ ಅತ್ತೆ, ಅಂದರೆ ನಮ್ಮಪ್ಪನ ತಂಗಿ. ನಾಯಿ ಸಾಕಿದವರನ್ನು ನೀವು ನೋಡಿರುತ್ತೀರಿ, ಗಿಳಿ ಸಾಕಿದವರನ್ನು ನೋಡಿರುತ್ತೀರಿ. ಸಮುದ್ರ ಸಾಕಿದವರನ್ನು ನೋಡಿದ್ದೀರಾ?

ಅತ್ತೆಯನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಹುಬ್ಬು ಗಂಟು ಹಾಕಬೇಡಿ. ನಮ್ಮ ಕಡೆ ಬಸ್ ಕಂಡಕ್ಟರನಿಗೂ ‘ರೀ’ ಹಚ್ಚುತ್ತೇವೆ, ಆದರೆ ಅವ್ವನಿಗೆ, ಅತ್ತೆಗೆ, ದೇವರಿಗೆ ಬಹುವಚನ ಕೊಟ್ಟು ದೂರ ಕೂರಿಸುವುದಿಲ್ಲ.

ಅತ್ತೆ ಇಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಹರೆಯದಲ್ಲಿ ಕಾರವಾರಕ್ಕೆ ಹೋಗಿ, ಸಮುದ್ರದಲ್ಲಿ ತೇಲುತ್ತ ಬದುಕುವ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಪ್ರಾಣಿಗಳ ಮೇಲೆ ಸಂಶೋಧನೆ ಮಾಡಿ ಡಾಕ್ಟರು ಆದವಳು. ಪುಸ್ತಕದಲ್ಲಿ ಅವಕ್ಕೆ ಪ್ರಾಣಿಪ್ಲವಕ ಎಂಬ ಹೆಸರಿದೆ. ನೀರಿನ ಬಿಸಿ ಎಷ್ಟು, ಉಪ್ಪು ಎಷ್ಟು, ಬೆಳಕು ಎಷ್ಟು ಆಳ ಇಳಿಯುತ್ತದೆ, ತಿನ್ನಲು ಏನಿದೆ, ಇವುಗಳ ಮೇಲೆ ಯಾವ ನೀರಿನಲ್ಲಿ ಯಾವ ಜೀವಿಗಳ ಸಂಸಾರ ನಡೆಯುತ್ತದೆ ಎಂಬುದು ಅವಳ ವಿಷಯ. ನಮ್ಮ ಹಳ್ಳಿ ಘೋಣಸಗಿಯಲ್ಲಿ ಹುಟ್ಟಿದ ಹುಡುಗಿಗೆ ಈ ವಿಷಯ ಎಲ್ಲಿಂದ ಗಂಟುಬಿತ್ತೋ! ನಮ್ಮೂರಿನಲ್ಲಿ ನೀರೇ ಅಪರೂಪ, ಅದರಲ್ಲಿ ತೇಲುವವರನ್ನು ಕಂಡವರಾರು? ಆಮೇಲೆ ನೌಕರಿ ಸಿಕ್ಕಿದ್ದು ವಿಜಯಪುರದಲ್ಲಿ. ಇಲ್ಲಿಂದ ಬಸ್ಸಿನಲ್ಲಿ ಹೊರಟರೆ ಸಮುದ್ರ ಬರುವುದಕ್ಕೆ ಮೊದಲು ಸೊಂಟ ಹೋಗುತ್ತದೆ. ಆದರೂ ಅತ್ತೆ ಪ್ರತಿ ರಜೆಗೂ ಕಾರವಾರಕ್ಕೆ ಹೋಗುತ್ತಾಳೆ, ಸಣ್ಣ ಬಲೆ ಹಾಕಿ ಸೋಸುತ್ತಾಳೆ, ಕುಡಿಯುವ ನೀರಿನ ಕ್ಯಾನುಗಳಲ್ಲಿ ತುಂಬಿಕೊಂಡು ಬರುತ್ತಾಳೆ.

ಒಮ್ಮೆ ಅವಳೊಂದಿಗೆ ನಾನೂ ಹೋಗಿದ್ದೆ. ಬರುವಾಗ ಕಂಡಕ್ಟರ್ ಕ್ಯಾನನ್ನು ಕಾಲಿನಿಂದ ತಟ್ಟಿ, ಇದರಲ್ಲಿ ಏನಿದೆ ಎಂದು ಕೇಳಿದ. ನೀರು ಎಂದಿದ್ದರೆ ಮುಗಿದು ಹೋಗುತ್ತಿತ್ತು. ಅತ್ತೆಗೆ ಸುಳ್ಳು ಬರುವುದಿಲ್ಲ, ಅರ್ಧ ಸತ್ಯವೂ ಬರುವುದಿಲ್ಲ.

“ಮಂದಿ ಅದಾರ” ಎಂದಳು.

ಕಂಡಕ್ಟರ್ ಅವಳ ಮುಖ ನೋಡಿದ, ಕ್ಯಾನಿನ ಮುಖ ನೋಡಿದ. “ಹಂಗಾರ ಅವರ ತಿಕೀಟ ತಗೀರಿ” ಎಂದು ಮುಂದಿನ ಸೀಟಿಗೆ ಹೋದ. ಉಳಿದ ದಾರಿಯುದ್ದಕ್ಕೂ ಅತ್ತೆಗೆ ಒಂದೇ ಚಿಂತೆ. ಇವನು ಇಷ್ಟು ಸರಿಯಾಗಿ ಅರ್ಥ ಮಾಡಿಕೊಂಡನಲ್ಲ, ನಮ್ಮ ಬಿ.ಎಸ್‌ಸಿ. ಹುಡುಗರಿಗೆ ಯಾಕೆ ಆಗುವುದಿಲ್ಲ?

ನಾನೂ ನನ್ನ ಹೆಂಡತಿಯೂ ಅತ್ತೆಯ ಮನೆಯಲ್ಲೇ ಇದ್ದೇವೆ. ಬಬಲೇಶ್ವರದಲ್ಲಿ ನನ್ನದೊಂದು ಹನಿ ನೀರಾವರಿ ಸಾಮಾನಿನ ಅಂಗಡಿ. ಪೈಪು, ವಾಲ್ವು, ನೆರಳುಪರದೆ ಮಾರುತ್ತೇನೆ. ಬೆಳಿಗ್ಗೆ ಬೈಕಿನಲ್ಲಿ ಹೋಗಿ ಸಂಜೆ ಬರುತ್ತೇನೆ. ಅತ್ತೆಯ ದೃಷ್ಟಿಯಲ್ಲಿ ಇದು ವ್ಯಾಪಾರವಲ್ಲ, ವಲಸೆ! ಅವಳಿಗೆ ಮನುಷ್ಯರೆಲ್ಲ ಪ್ಲವಕಗಳೇ. ಮೇ ತಿಂಗಳ ಹಗಲು ಪೇಟೆಯಲ್ಲಿ ಒಂದು ನರಪಿಳ್ಳೆಯೂ ಕಾಣುವುದಿಲ್ಲ, ಎಲ್ಲರೂ ದಪ್ಪ ಗೋಡೆಯ ಕತ್ತಲ ಕೋಣೆಗಳಲ್ಲಿ ತಳ ಹಿಡಿದಿರುತ್ತಾರೆ. ಹೊತ್ತು ಇಳಿದೊಡನೆ ಒಬ್ಬೊಬ್ಬರೇ ಚಾಪೆ ದಿಂಬು ಹಿಡಿದು ಮಾಳಿಗೆ ಹತ್ತುತ್ತಾರೆ. ಅತ್ತೆ ನಮ್ಮ ಮಾಳಿಗೆಯ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು ಸುತ್ತಲಿನ ಮಾಳಿಗೆಗಳನ್ನು ತೃಪ್ತಿಯಿಂದ ನೋಡುತ್ತಾಳೆ. ಸಮುದ್ರದಲ್ಲೂ ದಿನಾ ಇದೇ ನಡೆಯುತ್ತದಂತೆ. ಹಗಲು ಆಳಕ್ಕೆ ಇಳಿಯುವುದು, ಕತ್ತಲಾದರೆ ಮೇಲೆ ಬರುವುದು. ಎದುರು ಮನೆಯ ನಿವೃತ್ತ ತಹಶೀಲ್ದಾರರು ಬನಿಯನ್ನು ಏರಿಸಿ ಹೊಟ್ಟೆಗೆ ಗಾಳಿ ಬಿಟ್ಟುಕೊಳ್ಳುತ್ತಿದ್ದರೆ ಅತ್ತೆ ಅವರನ್ನು ತೋರಿಸಿ, ಇವರದು ಯಾವ ಜಾತಿಯ ಪ್ಲವಕ ಎಂದು ನನಗೆ ಲ್ಯಾಟಿನ್ ಹೆಸರು ಹೇಳುತ್ತಿದ್ದಳು. ತಹಶೀಲ್ದಾರರು ದೂರದಿಂದ ನಮಸ್ಕಾರ ಮಾಡುತ್ತಿದ್ದರು. ಗೌರವದಿಂದ ಏನೋ ಹೇಳುತ್ತಿದ್ದಾಳೆ ಎಂದು ಅವರ ಎಣಿಕೆ.

ಒಂದು ಸಲ ಅವಳ ಬಲೆ ಹರಿಯಿತು. ಅಂಥ ಬಲೆಯ ಬಟ್ಟೆ ನಮ್ಮ ಕಡೆ ಎಲ್ಲಿ ಸಿಗಬೇಕು? ಅತ್ತೆ ನನ್ನನ್ನು ಕರೆದುಕೊಂಡು ಬಜಾರಿನ ದೊಡ್ಡ ಸೀರೆ ಅಂಗಡಿಗೆ ಹೋದಳು. ಅಂಗಡಿಯವನು ಹಾಸಿಗೆಯ ಮೇಲೆ ಸೀರೆ ಬಿಡಿಸಿ ಬಿಡಿಸಿ ಹಾಕಿದ. ಅತ್ತೆ ಬಣ್ಣ ನೋಡಲಿಲ್ಲ, ಅಂಚು ನೋಡಲಿಲ್ಲ. ಒಂದೊಂದರ ಸೆರಗನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಚೀಲದಿಂದ ಭೂತಗನ್ನಡಿ ತೆಗೆದು, ಎಳೆಗಳ ನಡುವಿನ ಸಂದು ಅಳೆಯತೊಡಗಿದಳು. ಅಷ್ಟರಲ್ಲಿ ಅಕ್ಕಪಕ್ಕದ ಹೆಂಗಸರೂ ತಾವು ಆರಿಸಿದ ಸೀರೆಗಳನ್ನು ಬೆಳಕಿಗೆ ಹಿಡಿದು ಅನುಮಾನದಿಂದ ನೋಡಲು ಶುರುಮಾಡಿದರು. ಕೊನೆಗೆ ಒಂದು ತೆಳ್ಳನೆಯ ಸೀರೆ ಮೆಚ್ಚಿಗೆಯಾಯಿತು. ಅತ್ತೆ ಅದರ ತುದಿಯನ್ನು ಬೊಗಸೆ ಮಾಡಿ, ಕುಡಿಯಲು ಕೊಟ್ಟ ನೀರನ್ನು ಸುರಿದು, ಎಷ್ಟು ಬೇಗ ಸೋಸುತ್ತದೆ ಎಂದು ನೋಡಿದಳು. ಅಂಗಡಿಯವನು ಕೈ ಮುಗಿದ.

“ಅಕ್ಕಾರ, ಅದು ಉಟ್ಕೊಳ್ಳೂದರಿ.”

ಆ ಸೀರೆಯನ್ನು ಕೊಳ್ಳದೆ ಗತಿ ಇರಲಿಲ್ಲ. ಮನೆಗೆ ಬಂದು ಕತ್ತರಿ ಹಾಕುವಾಗ ನನ್ನ ಹೆಂಡತಿ ಕಣ್ಣಲ್ಲಿ ನೀರು ತಂದುಕೊಂಡಳು. ಅವಳಿಗೂ ಅದೇ ಬಣ್ಣ ಬೇಕಾಗಿತ್ತಂತೆ.

ಇಷ್ಟೆಲ್ಲ ಓದಿ ನಕ್ಕಿರೋ? ಈಗ ನಮ್ಮ ಆಯಿಯನ್ನು ಪರಿಚಯ ಮಾಡಿಸುತ್ತೇನೆ. ಆಯಿ ಎಂದರೆ ನನ್ನ ಅಜ್ಜಿ, ಅತ್ತೆಯ ತಾಯಿ. ಘೋಣಸಗಿಯಲ್ಲಿ ನಮ್ಮ ದೊಡ್ಡಪ್ಪನ ತುಂಬಿದ ಮನೆಯಲ್ಲಿ ಇರುತ್ತಾಳೆ. ಶಾಲೆಯ ಮುಖ ಕಂಡವಳಲ್ಲ. ಆದರೆ ಊರೆಲ್ಲ ಒಂದಾಗಿ, ಹೆಣ್ಣುಮಗಳನ್ನು ಅಷ್ಟು ದೂರ ಓದಲು ಕಳಿಸಬೇಡ ಎಂದಾಗ, ಮಗಳ ಟ್ರಂಕು ತಾನೇ ಬಸ್ಸಿಗೆ ಏರಿಸಿದವಳು ಅವಳು. ಕಳಿಸಿದ್ದೇನೋ ಸರಿ, ಮಗಳು ಏನು ಕಲಿತಳು ಎಂಬುದು ಮಾತ್ರ ಅವಳಿಗೆ ಈವರೆಗೆ ತಿಳಿದಿರಲಿಲ್ಲ. ಯಾರಾದರೂ ಕೇಳಿದರೆ ‘ನೀರಾಗಿನ ಹುಳಾ ಕಲ್ತಾಳ’ ಎಂದು ಬೇರೆ ಮಾತಿಗೆ ಹೊರಳುತ್ತಿದ್ದಳು. ಅತ್ತೆ ನಗುತ್ತಿದ್ದಳು. ಆದರೆ ಒಂದು ಸಂಜೆ ಮಾಳಿಗೆಯ ಮೇಲೆ ನನಗೆ ಹೇಳಿದ್ದು ಬೇರೆ.

“ಊರ ಮಂದಿ ಮಕ್ಕಳಿಗೆಲ್ಲಾ ತೋರಿಸೀನೋ ತಮ್ಮಾ. ಕಲಿಯಾಕ ಕಳಿಸಿದಾಕಿಗೆ ಒಮ್ಮೆನೂ ತೋರಿಸಿಲ್ಲ.”

ತೋರಿಸಬಹುದಿತ್ತಲ್ಲ, ಸೂಕ್ಷ್ಮದರ್ಶಕ ಮನೆಯಲ್ಲೇ ಇದೆಯಲ್ಲ ಎನ್ನುತ್ತೀರಿ. ತೋರಿಸಲು ನೋಡಿದ್ದಳು. ಮೊದಲು ಔಷಧಿಯಲ್ಲಿ ಕೆಡದಂತೆ ಇಟ್ಟಿದ್ದ ಜೀವಿಗಳನ್ನು ತಂದಿಟ್ಟಳು. ಆಯಿ, ಸತ್ತವರನ್ನು ಇಣುಕಿ ನೋಡುವುದು ಒಳ್ಳೆಯ ಮನೆತನದವರ ಲಕ್ಷಣವಲ್ಲ ಎಂದು ಎದ್ದು ಹೋದಳು. ಸರಿ, ಜೀವಂತ ತರುತ್ತೇನೆ ಎಂದು ಅತ್ತೆ ಹಟ ಹಿಡಿದಳು, ತಂದಳು. ಆಗ ಆದದ್ದೇ ತೀರ್ಥದ ಪ್ರಸಂಗ.

ಆ ದಿನ ಅತ್ತೆ ಬೆಳಗಿನ ಬಸ್ಸಿಗೆ ಇಳಿದು, ಕ್ಯಾನುಗಳನ್ನು ಕಟ್ಟೆಯ ಮೇಲಿಟ್ಟು, ಸ್ನಾನಕ್ಕೆ ಹೋದಳು. ಆಯಿ ಊರಿನಿಂದ ಬಂದಿದ್ದಳು. ಪಕ್ಕದ ಮನೆಯ ಗಂಗಕ್ಕ ಕ್ಯಾನು ನೋಡಿ ಏನೆಂದು ಕೇಳಿದ್ದಾಳೆ. ಸಮುದ್ರದ ನೀರು ಎಂದಿದ್ದಾಳೆ ಆಯಿ. ಎಲ್ಲಿಯದು? ಕಾರವಾರದ್ದು. ಅಂದರೆ ಗೋಕರ್ಣದ ಬಾಜೂ! ಮುಗಿಯಿತು. ಗೋಕರ್ಣದ ಬಾಜೂಕಿನ ಸಮುದ್ರದ ನೀರು ಮನೆ ಬಾಗಿಲಿಗೆ ಬಂದರೆ ನಮ್ಮ ಮಂದಿ ಅದನ್ನು ನೀರು ಎನ್ನುತ್ತಾರೆಯೇ? ಅತ್ತೆ ತಲೆ ಒರೆಸಿಕೊಳ್ಳುತ್ತ ಹೊರಗೆ ಬರುವಷ್ಟರಲ್ಲಿ ಓಣಿಯೆಲ್ಲ ತಂಬಿಗೆ, ಗಿಂಡಿ, ಲೋಟ ಹಿಡಿದು ಸಾಲು ನಿಂತಿತ್ತು. ಆಯಿ ತಲೆಯ ಮೇಲೆ ಸೆರಗು ಹೊದ್ದು, ಹಿತ್ತಾಳೆಯ ಸೌಟಿನಿಂದ ಎಲ್ಲರ ಅಂಗೈಗೂ ಭಕ್ತಿಯಿಂದ ಹಾಕುತ್ತಿದ್ದಳು. ತಾನೂ ತೆಗೆದುಕೊಂಡಿದ್ದಳು. ಪೂಜೆಗೆ ಹೊರಟಿದ್ದ ಅಯ್ಯನವರು ಎರಡು ಸಲ ತೆಗೆದುಕೊಂಡಿದ್ದರು.

ಅತ್ತೆ ಒದ್ದೆ ಕೂದಲಲ್ಲೇ ನಿಂತು ಒಂದೇ ಮಾತು ಹೇಳಿದಳು. “ಯವ್ವಾ, ಅದರಾಗ ಜೀವಾ ಅದಾವ.”

ನಮ್ಮ ಓಣಿ ಎಂಥದೆಂದು ನಿಮಗೆ ಗೊತ್ತಿಲ್ಲ. ತತ್ತಿ ಹಾಕಿದ ಕೇಕು ಮಾರುವ ಬೇಕರಿಯ ಮುಂದೆ ಉಸಿರು ಹಿಡಿದು ದಾಟುವವರು ನಾವು. ಬೆಳ್ಳುಳ್ಳಿಗೂ ಕೆಲವು ಸೋಮವಾರ ರಜೆ ಕೊಡುತ್ತೇವೆ. ಅಂಥ ಓಣಿ ಆ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಏಡಿಯ ಮರಿ, ಸೀಗಡಿಯ ಮರಿ, ಹೆಸರೇ ಇಲ್ಲದ ಇನ್ನೇನೇನೋ ಮರಿ, ಎಲ್ಲವನ್ನೂ ಕಣ್ಣಿಗೆ ಒತ್ತಿಕೊಂಡು ನುಂಗಿತ್ತು. ಅದೂ ಬಲೆಯಲ್ಲಿ ಸೋಸಿ ದಟ್ಟ ಮಾಡಿದ್ದ ಕ್ಯಾನಿನಿಂದ! ತಹಶೀಲ್ದಾರರು ಗಂಟಲು ಸರಿಮಾಡಿಕೊಂಡು, ಒಂದು ಸೌಟಿನಲ್ಲಿ ಅಂದಾಜು ಎಷ್ಟು ಇರಬಹುದು ಎಂದು ಕೇಳಿದರು. ಇಲ್ಲ ಎಂದುಬಿಟ್ಟಿದ್ದರೆ ಪುಣ್ಯ ಬರುತ್ತಿತ್ತು. ಅತ್ತೆ, ಎಣಿಸಿ ಸಂಜೆ ಹೇಳುತ್ತೇನೆ ಎಂದಳು.

ಅಯ್ಯನವರು ಬಹಳ ಹೊತ್ತು ಯೋಚಿಸಿ, ತಿಳಿಯದೆ ಕುಡಿದದ್ದಕ್ಕೆ ದೋಷವಿಲ್ಲ ಎಂದು ತೀರ್ಪು ಕೊಟ್ಟರು. ಎರಡು ಸಲ ಕುಡಿದವರು ಬೇರೆ ಯಾವ ತೀರ್ಪು ಕೊಟ್ಟಾರು? ಓಣಿ ನಿರುಮ್ಮಳವಾಗಿ ಬಾಯಿ ಮುಕ್ಕಳಿಸಿ ಮನೆಗೆ ಹೋಯಿತು. ಆಯಿಗೆ ಮಾತ್ರ ಸಮಾಧಾನವಾಗಲಿಲ್ಲ. ಕುಡಿದವರಿಗೆ ದೋಷವಿಲ್ಲ, ಸೌಟು ಹಿಡಿದವಳಿಗೆ? ಅತ್ತೆ ಉಳಿದ ನೀರಿನಲ್ಲಿ ಒಂದು ಹನಿ ತೆಗೆದು, ಈಗಾದರೂ ನೋಡು ಎಂದು ಕಾಲು ಹಿಡಿದಳು. ಆಯಿ ಮುಖ ಆ ಕಡೆ ತಿರುಗಿಸಿದಳು.

“ನಾ ನುಂಗಿದವರ ಮಾರಿ ನಾ ಹೆಂಗ ನೋಡ್ಲಿ?”

ಇದಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರವಿದೆ ಹೇಳಿ! ಅಲ್ಲಿಂದ ಆ ಮಾತು ಮನೆಯಲ್ಲಿ ನಿಂತೇ ಹೋಯಿತು.

ಈ ವರ್ಷ ಬೇಸಿಗೆಯ ಮೊದಲಿಗೆ ಆಯಿಯ ಕಣ್ಣಿಗೆ ಪೊರೆ ಬಂದು, ಆಪರೇಶನ್ ಮಾಡಿಸಲು ವಿಜಯಪುರಕ್ಕೆ ಕರೆತಂದೆವು. ಕಾರಹುಣ್ಣಿಮೆಯ ಹೊತ್ತಿಗೆ ಊರಿಗೆ ಕಳಿಸಬೇಕು, ಹಬ್ಬಕ್ಕೆ ಎತ್ತುಗಳ ಕೋಡಿಗೆ ಕೊಡೆಣಸು ಕಟ್ಟಿ ಸಿಂಗರಿಸುವಾಗ ನಾನಿಲ್ಲದಿದ್ದರೆ ಹೇಗೆ ಎಂಬ ಕರಾರಿನ ಮೇಲೆ ಬಂದಳು. ಆಪರೇಶನ್ ಚೆನ್ನಾಗಿ ಆಯಿತು. ಎಷ್ಟು ಚೆನ್ನಾಗಿ ಎಂದರೆ, ಕಪ್ಪು ಕನ್ನಡಕ ಹಾಕಿಕೊಂಡು ಮನೆಗೆ ಬಂದ ಆಯಿ ಫ್ಯಾನಿನ ಮೇಲಿನ ಧೂಳು ಕಂಡಳು, ನನ್ನ ಹೆಂಡತಿ ಒಲೆಯ ಹಿಂದೆ ಬಚ್ಚಿಟ್ಟ ಸೀದ ಪಾತ್ರೆ ಕಂಡಳು, ನನ್ನ ಜೇಬಿನ ಗುಟಕಾ ಚೀಟಿ ಕಂಡಳು. ಕೊನೆಗೆ ಅತ್ತೆಯನ್ನು ಹತ್ತಿರ ಕರೆದು ತಲೆ ಸವರಿ, ಇಷ್ಟು ಬಿಳಿ ಕೂದಲು ಯಾವಾಗ ಬಂತು ಎಂದು ಕೇಳಿದಳು. ಅತ್ತೆಗೆ ಅದರಿಂದಲೇ ಧೈರ್ಯ ಬಂತು. ಇಷ್ಟು ಕಾಣುವ ಕಣ್ಣಿಗೆ ಅದೊಂದು ಕಾಣಬಾರದೇ? ಡಾಕ್ಟರು ಧೂಳಿಗೆ ಹೋಗಬೇಡಿ ಎಂದಿದ್ದರು, ಸೂಕ್ಷ್ಮದರ್ಶಕ ನೋಡಬೇಡಿ ಎಂದಿರಲಿಲ್ಲ. ಅತ್ತೆ ರಜೆ ಹಾಕಿ ಮತ್ತೊಮ್ಮೆ ಕಾರವಾರಕ್ಕೆ ಹೋಗಿ ಕ್ಯಾನು ತುಂಬಿಕೊಂಡು ಬಂದಳು. ಕಣ್ಣು ಮಾಗುವುದರೊಳಗೆ ಆಯಿಯ ಮನಸ್ಸು ಕರಗಿಸಬೇಕು, ಅಲ್ಲಿಯವರೆಗೆ ಜೀವಿಗಳನ್ನು ಬದುಕಿಸಬೇಕು. ಮನಸ್ಸಿಗಿಂತ ಎರಡನೆಯದೇ ಕಷ್ಟವಾಗಿತ್ತು.

ಮೇ ತಿಂಗಳ ವಿಜಯಪುರದಲ್ಲಿ ಮನುಷ್ಯ ಬದುಕುವುದೇ ಹಿರಿಯರ ಪುಣ್ಯ. ಸಮುದ್ರದ ಜೀವಿಗಳ ಪಾಡೇನು? ಅತ್ತೆ ಮೊದಲು ನೀರನ್ನು ಮಣ್ಣಿನ ಹರವಿಯಲ್ಲಿ ಹಾಕಿದಳು. ತಂಪೇನೋ ಆಯಿತು, ಆದರೆ ನೀರು ಜಿನುಗಿ ಹರವಿಯ ಹೊರಮೈಗೆಲ್ಲ ಉಪ್ಪು ಹೂಬಿಟ್ಟಿತು. ನನ್ನ ಹೆಂಡತಿಯ ಚೀನಿ ಭರಣಿಗಳು ಜಪ್ತಿಯಾದವು. ಈ ವರ್ಷದ ಮಾವಿನಕಾಯಿಗೆ ಸ್ಥಳವಿಲ್ಲದೆ ಹೋಯಿತು. ಒಂದು ಭರಣಿ ಮಾಳಿಗೆಯ ಮೇಲೆ ನೆರಳುಪರದೆಯ ಕೆಳಗೆ, ಒಂದು ಕತ್ತಲ ಕೋಣೆಯಲ್ಲಿ, ಒಂದು ಹಿತ್ತಲ ಬೇವಿನ ಕೆಳಗೆ ಒದ್ದೆ ಮರಳಿನಲ್ಲಿ ಕತ್ತಿನವರೆಗೆ ಹೂತು. ನೆರಳುಪರದೆ ಹೇಗೆ ಕಟ್ಟಬೇಕೆಂದು ತಿಳಿಯಲು ತಿಕೋಟಾದ ಒಣದ್ರಾಕ್ಷಿ ಶೆಡ್ಡಿಗೂ ಹೋಗಿ ಬಂದೆವು. ಅತ್ತೆ ಥರ್ಮಾಮೀಟರ್ ಹಿಡಿದು ಶೆಡ್ಡಿನೊಳಗೆ ಅಡ್ಡಾಡುವುದನ್ನು ನೋಡಿ ಮಾಲೀಕರು ಯಾರೋ ದೊಡ್ಡ ಅಧಿಕಾರಿ ಬಂದಿದ್ದಾರೆಂದು ಚಹಾ ಕೊಟ್ಟರು, ರೇಟಿನ ಬಗ್ಗೆ ಗೋಳು ಹೇಳಿಕೊಂಡರು. ಅತ್ತೆ ಎಲ್ಲ ಕೇಳಿ, ನೀವು ಒಣಗಲಿ ಎಂದು ಇಷ್ಟು ಮಾಡುತ್ತೀರಿ, ನಾನು ಒಣಗದಿರಲಿ ಎಂದು ಮಾಡಬೇಕಾಗಿದೆ ಎಂದಳು. ಮಾಲೀಕರು ಇದು ಹೊಸ ಯೋಜನೆ ಇರಬೇಕೆಂದು ತಲೆಯಾಡಿಸಿದರು.

ಇನ್ನು ಕರೆಂಟು. ನೀರಿಗೆ ಗಾಳಿ ಊದುವ ಸಣ್ಣ ಮೋಟರು ಕರೆಂಟು ಹೋದಾಗಲೆಲ್ಲ ನಿಲ್ಲುತ್ತಿತ್ತು. ನಮ್ಮಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಸುದ್ದಿ. ಇಲ್ಲಿ ನನ್ನ ಅಂಗಡಿ ಕೆಲಸಕ್ಕೆ ಬಂತು ನೋಡಿ. ಟ್ರ್ಯಾಕ್ಟರಿನ ಹಳೆಯ ಟ್ಯೂಬಿಗೆ ಗಾಳಿ ತುಂಬಿ, ಅದರ ಬಾಯಿಗೆ ಹನಿ ನೀರಾವರಿಯ ಸಣ್ಣ ಪೈಪು ಕಟ್ಟಿ, ವಾಲ್ವು ಬಿಗಿಮಾಡಿ ಭರಣಿಯೊಳಗೆ ಬಿಟ್ಟೆ. ಟ್ಯೂಬು ನಿಧಾನವಾಗಿ ಉಸಿರು ಬಿಟ್ಟಂತೆ ನೀರಿನಲ್ಲಿ ಗುಳ್ಳೆ ಏಳುತ್ತಿದ್ದವು. ಅತ್ತೆ ಬೆನ್ನು ತಟ್ಟಿದಳು. ನನ್ನ ಜನ್ಮದಲ್ಲಿ ವಿಜ್ಞಾನಕ್ಕೆ ನಾನು ಕೊಟ್ಟ ಕಾಣಿಕೆ ಅದೊಂದೇ.

ಆದರೂ ಒಂದೊಂದೇ ಹೋದವು. ತಂದಾಗ ಆ ನೀರಿನಲ್ಲಿ ಹತ್ತಾರು ಜಾತಿ ಇದ್ದವಂತೆ. ನಾಜೂಕಿನವು, ಗಾಜಿನಂಥ ಮೈಯವು ಮೊದಲ ವಾರವೇ ಮುಗಿದವು. ಮಾಳಿಗೆಯ ಭರಣಿಯಲ್ಲಿ ನೀರು ಇಂಗಿ ಉಪ್ಪು ಏರಿ ಗಟ್ಟಿ ಜೀವದ ಒಂದೇ ಜಾತಿ ಉಳಿಯಿತು, ಕೊನೆಗೆ ಒಂದು ಮಧ್ಯಾಹ್ನ ಅದೂ ಬೆಂದುಹೋಯಿತು. ಕತ್ತಲ ಕೋಣೆಯಲ್ಲಿ ತಂಪು ಇತ್ತು, ಬೆಳಕಿಲ್ಲದೆ ನೀರಿನ ಹಸಿರು ಸತ್ತಿತು, ಹಸಿರು ತಿನ್ನುವವರು ಉಪವಾಸ ಬಿದ್ದರು. ಬೇವಿನ ಕೆಳಗಿನದರಲ್ಲಿ ಮಾತ್ರ ಕೋಪೆಪಾಡ್ ಎಂಬ, ಜೀರಿಗೆಯ ಚೂರಿಗಿಂತ ಚಿಕ್ಕ ಪ್ರಾಣಿಗಳು ಕುಣಿದಾಡುತ್ತಿದ್ದವು.

“ನೀರು ಒಂದ, ಮಂದಿ ಒಂದ. ಕುಂತ ಜಾಗಾ ಬ್ಯಾರೆ ಆತು, ಹಣೇಬಾರ ಬ್ಯಾರೆ ಆತು” ಎಂದಳು ಅತ್ತೆ. ತನಗೆ ತಾನೇ ಹೇಳಿಕೊಂಡಂತಿತ್ತು. ಆಯಿ ಪಡಸಾಲೆಯಲ್ಲಿ ಕುಳಿತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದಳು. ಹಿತ್ತಲ ಕಡೆಗೆ ಹೋಗುವಾಗ ಭರಣಿಯನ್ನು ಬಳಸಿಕೊಂಡು ದೂರದಿಂದ ನಡೆಯುತ್ತಿದ್ದಳು, ಸಾಲ ಕೊಟ್ಟವರ ಮನೆ ಮುಂದೆ ನಡೆದಂತೆ.

ಉಳಿದದ್ದು ಅದೊಂದೇ ಭರಣಿ. ಅತ್ತೆಯ ನಿವೃತ್ತಿಯೂ ಹತ್ತಿರ ಬಂದಿತ್ತು, ಸೊಂಟ ಇನ್ನೊಮ್ಮೆ ಕಾರವಾರದ ಬಸ್ಸು ತಾಳುತ್ತದೆಂಬ ಭರವಸೆ ಇರಲಿಲ್ಲ. ಇದು ಹೋದರೆ ಆಯಿಗೆ ತೋರಿಸುವ ಮಾತು ಈ ಜನ್ಮಕ್ಕೆ ಮುಗಿದಂತೆಯೇ ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಳೆ ಒಂದು ಬೀಳದಿರಲಿ, ಸಿಹಿನೀರು ಸೇರಿದರೆ ಒಂದೂ ಉಳಿಯುವುದಿಲ್ಲ ಎಂದು ಅತ್ತೆ ದಿನಾ ಆಕಾಶ ನೋಡುತ್ತಿದ್ದಳು. ವಿಜಯಪುರದಲ್ಲಿ ಮೇ ತಿಂಗಳಲ್ಲಿ ಮಳೆ ಬೇಡ ಎಂದು ಬೇಡಿಕೊಂಡ ಏಕೈಕ ಪ್ರಾಣಿ ನಮ್ಮ ಅತ್ತೆಯೇ ಇರಬೇಕು. ಹೊರಗೆ ಹೇಳಿದ್ದರೆ ರೈತರು ಕಲ್ಲು ಹೊಡೆಯುತ್ತಿದ್ದರು.

ಬೇಡಿಕೊಂಡರೆ ಬಿಡುತ್ತದೆಯೇ? ಒಂದು ಮಧ್ಯಾಹ್ನ ಅಡ್ಡಮಳೆ ಎದ್ದಿತು. ಅತ್ತೆ ಪರೀಕ್ಷೆಯ ಪೇಪರು ತಿದ್ದಲು ಹೋಗಿದ್ದಳು, ಹೆಂಡತಿ ಕನಮಡಿಯ ತವರಿಗೆ ಹೋಗಿದ್ದಳು, ನಾನು ಬಬಲೇಶ್ವರದಲ್ಲಿ. ಅಂಗಡಿಯ ಮುಂದಿನ ತಗಡು ಹಾರಿದ್ದು ಕಂಡು ಶಟರು ಎಳೆದು ಬೈಕು ಹತ್ತಿದೆ. ದಾರಿಯೆಲ್ಲ ಕೆಂಧೂಳು, ಆಮೇಲೆ ದಪ್ಪ ದಪ್ಪ ಹನಿ. ಮನೆಯಲ್ಲಿ ಆಯಿ ಒಬ್ಬಳೇ. ಅವಳ ಕಣ್ಣಿನ ಚಿಂತೆ ನನಗೆ.

ಮನೆಯೊಳಗೆ ಆಯಿ ಇರಲಿಲ್ಲ. ಹಿತ್ತಲಿಗೆ ಓಡಿದೆ. ಬೇವಿನ ಮರ ಮೈಮೇಲೆ ದೇವರು ಬಂದಂತೆ ತೂಗುತ್ತಿತ್ತು. ಅದರ ಕೆಳಗೆ ಆಯಿ, ಭರಣಿಯ ಬಾಯಿಗೆ ಹಿತ್ತಾಳೆಯ ಪರಾತ ಬೋರಲು ಹಾಕಿ, ಗಾಳಿಗೆ ಅದು ಹಾರದಂತೆ ಎರಡೂ ಕೈ ಊರಿ, ತನ್ನ ಮೇಲೂ ಅದರ ಮೇಲೂ ಕೌದಿ ಎಳೆದುಕೊಂಡು, ಕಪ್ಪು ಕನ್ನಡಕದಲ್ಲಿ ಕುಳಿತಿದ್ದಳು. ಕೌದಿ ತೊಯ್ದು ತೊಪ್ಪೆಯಾಗಿತ್ತು. ನಾನು, ಒಳಗೆ ನಡಿ, ಕಣ್ಣಿಗೆ ಧೂಳು ಹೋಗುತ್ತದೆ ಎಂದು ರಟ್ಟೆ ಹಿಡಿದೆ.

“ನನ್ನ ಕಣ್ಣಿಗೆ ಮುಚ್ಚಳಕಿ ಐತಿ. ಇವಕ್ಕೆಲ್ಲೈತಿ?” ಎಂದಳು ಆಯಿ. ಏಳಲಿಲ್ಲ. ಮಳೆ ನಿಲ್ಲುವವರೆಗೆ ನಾನೂ ಪರಾತದ ಇನ್ನೊಂದು ಅಂಚು ಹಿಡಿದು ಕುಳಿತೆ. ಪಕ್ಕದ ಗಂಗಕ್ಕ ಗೋಡೆಯ ಮೇಲಿಂದ ಇಣುಕಿ, ಇವರ ಮನೆಯಲ್ಲಿ ಹುಚ್ಚು ಅತ್ತೆಯೊಬ್ಬಳಿಗೇ ಇಲ್ಲ ಎಂದು ಖಾತ್ರಿ ಮಾಡಿಕೊಂಡು ಹೋದಳು.

ಸಂಜೆ ಅತ್ತೆ ಬಂದು, ಸಂಗತಿ ತಿಳಿದು, ಭರಣಿಯ ಕಡೆ ನೋಡಲೂ ಇಲ್ಲ. ಮೊದಲು ತಾಯಿಯ ಕಣ್ಣಿಗೆ ಔಷಧ ಬಿಟ್ಟಳು, ಆಮೇಲೆ ಬೈದಳು. ಈ ಹುಳುಗಳಿಗಾಗಿ ಕಣ್ಣು ಕಳೆದುಕೊಳ್ಳುತ್ತಿದ್ದೆಯಲ್ಲ ಎಂದು ಬಾಯಿಗೆ ಬಂದಂತೆ ಬೈದಳು. ಅತ್ತೆಯ ಬಾಯಲ್ಲಿ ಹುಳು ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಆಯಿ ಎಲ್ಲ ಬೈಗುಳ ಮುಗಿಯುವವರೆಗೆ ಕಾದಳು.

“ತಿಳೀದ ನುಂಗಿದ್ದೆ. ಈಗ ತಿಳದ ಉಳಸೀನಿ. ನಾಳೆ ತೋರ್ಸು, ಮಾರಿ ನೋಡ್ತೀನಿ.”

ಮರುದಿನ ಬೆಳಿಗ್ಗೆ ಮನೆಯಲ್ಲಿ ಹಬ್ಬದ ಗಡಿಬಿಡಿ. ಎಷ್ಟೋ ವರ್ಷ ಪಾಠ ಮಾಡಿದ ಅತ್ತೆ ಪರೀಕ್ಷೆಗೆ ಹೊರಟ ಹುಡುಗಿಯಂತೆ ಎರಡು ಸಲ ನೀರು ಕುಡಿದಳು. ಆಯಿ ತಲೆಸ್ನಾನ ಬೇಡವೆಂದು ಡಾಕ್ಟರು ಹೇಳಿದ್ದಕ್ಕೆ ಬರಿಯ ಮೈತೊಳೆದು, ಇಳಕಲ್ ಸೀರೆ ಉಟ್ಟು, ಹಣೆತುಂಬ ವಿಭೂತಿ ಹಚ್ಚಿ ಬಂದಳು. ಮೊದಲ ಸಲ ಕಾಣಲು ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ಮುಷ್ಟಿಯಲ್ಲಿ ಸಕ್ಕರೆ ಬೇರೆ! ಸಕ್ಕರೆ ಅವರಿಗೆ ಆಗುವುದಿಲ್ಲ ಎಂದು ಅತ್ತೆ ತಿಳಿಹೇಳಿದಳು. ಅವರಿಗೂ ಶುಗರ್ ಇದೆಯೋ ಎಂದು ಆಯಿ ಮರುಗಿದಳು.

ಕರೆಂಟು ಎಂದಿನಂತೆ ಇರಲಿಲ್ಲ. ದೀಪದ ಸೂಕ್ಷ್ಮದರ್ಶಕ ಬಿಟ್ಟು, ಕೆಳಗೆ ಕನ್ನಡಿ ಇರುವ ಹಳೆಯದನ್ನು ಅತ್ತೆ ಅಂಗಳಕ್ಕೆ ತಂದು, ಎಳೆಬಿಸಿಲ ದಾರಿ ಹುಡುಕಿ ಇಟ್ಟಳು. ಭರಣಿಯಿಂದ ಒಂದು ಹನಿ ಗಾಜಿನ ಮೇಲೆ ಬಿಟ್ಟು, ಕನ್ನಡಿ ಹೊರಳಿಸಿ, ಹಿಂದೆ ಸರಿದಳು. ಆಯಿ ಕನ್ನಡಕ ತೆಗೆದು, ಸ್ಟೂಲಿನ ಮೇಲೆ ಕುಳಿತು ಬಗ್ಗಿದಳು.

ಅತ್ತೆ ತಡೆಯಲಾರದೆ, ಅಗೋ ಆ ಉದ್ದ ಮೀಸೆಗಳು ಈಜಲು, ನಡುವಿನ ಕೆಂಪು ಚುಕ್ಕೆ ಕಣ್ಣು ಎಂದು ಪಾಠ ಶುರುಮಾಡಿದಳು. ಆಯಿ ಕೈಯೆತ್ತಿ ಸುಮ್ಮನಾಗಿಸಿದಳು. ಮತ್ತೆ ಬಗ್ಗಿದಳು.

“ಇಕಿ ಬಸುರಿ ಅದಾಳಲ್ಲ?”

“ಹೂಂ ಬೇ. ಆಜೂ ಬಾಜೂ ಎರಡು ಚೀಲ ಕಾಣ್ತಾವಲ್ಲ, ಅದರಾಗ ತತ್ತಿ ಅದಾವ.”

ಆಯಿ ತಲೆಯೆತ್ತಿ ಮಗಳನ್ನು ನೋಡಿದಳು. “ಎರಡು ಜೀವದಾಕಿನ್ನ ಬಿಸಲಾಗ ನಿಲ್ಲಿಸೀದಿ? ಮೊದಲ ನೆರಳಿಗೆ ಬಿಡು.”

ಬಿಸಿಲು, ನೆರಳು, ಬಿಸಿ, ತಂಪು. ಅತ್ತೆ ಕಾರವಾರಕ್ಕೆ ಹೋಗಿ ಕಲಿತು ಬಂದದ್ದೂ ಇದನ್ನೇ ಅಲ್ಲವೇ? ಅವಳು ಗಾಜು ತೆಗೆದು, ಆ ಹನಿಯನ್ನು ಭರಣಿಗೆ ಜೋಪಾನವಾಗಿ ಸೇರಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂದು ಇಡೀ ದಿನ ತಾಯಿ ಮಗಳು ಬೇವಿನ ಕೆಳಗೆ ಚಾಪೆ ಹಾಸಿಕೊಂಡು ಕುಳಿತರು. ಇವರೇನು ತಿನ್ನುತ್ತಾರೆ, ಉಪ್ಪು ಹೆಚ್ಚಾದರೆ ಏನಾಗುತ್ತದೆ, ತತ್ತಿ ಒಡೆದು ಮರಿ ಹೊರಬರಲು ಎಷ್ಟು ದಿನ, ಎಂಥ ನೀರು ಬೇಕು, ಆಯಿ ಕೇಳುತ್ತಲೇ ಇದ್ದಳು, ಅತ್ತೆ ಹೇಳುತ್ತಲೇ ಇದ್ದಳು. ಅತ್ತೆ ಅಷ್ಟು ಸಂತೋಷದಿಂದ ಪಾಠ ಮಾಡಿದ್ದನ್ನು ನಾನು ಕಂಡಿರಲಿಲ್ಲ. ನನ್ನನ್ನು ಮಧ್ಯಾಹ್ನದ ಊಟಕ್ಕೆ ಯಾರೂ ಕರೆಯಲಿಲ್ಲ, ನನಗೂ ಸಿಟ್ಟು ಬರಲಿಲ್ಲ.

ಕಾರಹುಣ್ಣಿಮೆ ಹತ್ತಿರ ಬಂತು. ದೊಡ್ಡಪ್ಪ ಘೋಣಸಗಿಯಿಂದ ಫೋನು ಮಾಡಿ, ಜೀಪು ಕಳಿಸುತ್ತೇನೆ, ಅವ್ವನನ್ನು ಸಿದ್ಧ ಮಾಡಿರಿ ಎಂದ. ನಾನು ಫೋನಿನ ಸ್ಪೀಕರ್ ಹಾಕಿ ಆಯಿಯ ಮುಂದೆ ಹಿಡಿದೆ. ಈಗ ಬರಲು ಆಗುವುದಿಲ್ಲ, ಎತ್ತುಗಳಿಗೆ ನೀವೇ ಏನು ಬೇಕೋ ಮಾಡಿರಿ ಎಂದಳು ಆಯಿ. ದೊಡ್ಡಪ್ಪ ಗಾಬರಿಯಾಗಿ, ಕಣ್ಣು ಸರಿ ಇದೆಯೋ ಇಲ್ಲವೋ ಎಂದು ಕೇಳಿದ. ಕಣ್ಣಿಗೇನಾಗಿದೆ, ಇಲ್ಲೊಂದು ಬಾಣಂತನ ಇದೆ ಎಂದಳು.

ದೊಡ್ಡಪ್ಪ ಯಾರದು ಬಾಣಂತನ ಎಂದು ಕೇಳಿದ. ನನ್ನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು, ತನ್ನದಲ್ಲವೆಂದು ಜೋರಾಗಿ ತಲೆಯಲ್ಲಾಡಿಸಿದಳು.

ನಮ್ಮ ಅತ್ತೆ ಮದುವೆಯಾದವಳಲ್ಲ. ಘೋಣಸಗಿಯ ಬಾಣಂತಿಯರಿಗೆಲ್ಲ ಎಣ್ಣೆ ಹಚ್ಚಿ ನೀರು ಹಾಕಿದ ಕೈ ಆಯಿಯದು. ಹೊಟ್ಟೆಯ ಮಗಳ ಬಾಣಂತನ ಒಂದು ತನ್ನ ಹಣೆಯಲ್ಲಿ ಬರೆಯಲಿಲ್ಲವೆಂಬ ಕೊರಗನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ, ಆದರೆ ನಮಗೆಲ್ಲ ಗೊತ್ತಿತ್ತು. ಅತ್ತೆಗೂ ಗೊತ್ತಿತ್ತು. ಅವಳು ಹಿತ್ತಲಲ್ಲಿ ಭರಣಿಯ ಸುತ್ತಲಿನ ಮರಳಿಗೆ ನೀರು ಚಿಮುಕಿಸುತ್ತಿದ್ದಳು. ಆಯಿ ಅವಳ ಕಡೆ ನೋಡುತ್ತ ಫೋನಿಗೆ ಹೇಳಿದಳು:

“ನನ್ನ ಮಗಳ ಮನ್ಯಾಗಿಂದಪಾ. ನಾ ಮಾಡ್ದ ಮತ್ತ್ಯಾರು ಮಾಡಬೇಕು?”